ಪಾಯಸದ ಹಾಡಿನ ಹಕ್ಕು

ಬೀಗರ ಹಾಡು ಕಟ್ಟುವುದರಲ್ಲಿ ಬೇಲೂರಿನ ಶ್ರೀರಂಗಮ್ಮನವರನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಮದುವೆಯಲ್ಲಿ ಬೀಗಿತ್ತಿಯನ್ನು ಹಾಡಿನಲ್ಲಿ ಛೇಡಿಸಬೇಕು, ಬೀಗಿತ್ತಿ ನಗಬೇಕು, ಅದು ಪದ್ಧತಿ. ಸೊಸೆ ಯದುಗಿರಿಗೆ ಅತ್ತೆಯ ಹಾಡುಗಳೆಂದರೆ ಪ್ರಾಣ, ಒಂದನ್ನು ಬಿಟ್ಟು. ಅವಳ ಮದುವೆಯಲ್ಲೇ ಅತ್ತೆ ಹಾಡಿದ್ದು ಅದು:

ವೇದವಲ್ಲಿಯ ಪಾಯಸದೊಳಗೆ ಶ್ಯಾವಿಗೆ ಕಾಣೆನೆ,
ಗೋಡಂಬಿಯೊಂದು ಈಜಿ ಈಜಿ ದಡವ ಸೇರಿತೆ.

ವೇದವಲ್ಲಿ ಯದುಗಿರಿಯ ತಾಯಿ. ಗಂಡ ಸತ್ತ ಮೇಲೆ ಒಬ್ಬಳೇ ಒದ್ದಾಡಿ ಮಗಳ ಮದುವೆ ಮಾಡಿದವಳು. ಪಾಯಸ ನೀರಾಗಿದ್ದುದು ನಿಜವೇ. ಚಪ್ಪರವೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು, ಆಮೇಲೆ ಉಗ್ರಾಣದಲ್ಲಿ ಕೂತು ಅತ್ತಳು. ಯದುಗಿರಿ ಇದನ್ನು ಯಾರಿಗೂ ಹೇಳಿರಲಿಲ್ಲ.

ಈಗ, ೧೯೫೮ರಲ್ಲಿ, ಆ ಹಾಡುಗಳೆಲ್ಲ ಅರಸೀಕೆರೆಯ ಷಡಕ್ಷರಪ್ಪನವರ ಪ್ರೆಸ್ಸಿನಲ್ಲಿ ಪುಸ್ತಕವಾಗಲಿದ್ದವು. ಕರಡಚ್ಚು ನೋಡಲು ಅತ್ತೆ ಸೊಸೆ ಬಸ್ಸು ಹತ್ತಿ ಹೋದರು. ಮೊದಲ ಹಾಡೇ ಪಾಯಸದ್ದು. ಅಮ್ಮನ ಬಡತನ ಇನ್ನು ಅಂಗಡಿ ಅಂಗಡಿಯಲ್ಲಿ ಮಾರಾಟವಾಗುತ್ತದಲ್ಲ ಎಂದು ಯದುಗಿರಿ ಆ ಹಾಳೆಯನ್ನು ಮಗುಚಿಟ್ಟಳು. ಬೇಡವೆನ್ನಲು ಧೈರ್ಯ ಬರಲಿಲ್ಲ.

"ನನ್ನ ಹೆಸರಿನ ಮುಂದೆ ಕಾಪಿರೈಟ್ ಅಂತ ಹಾಕಿದೀರಲ್ಲ, ಏನದು?" ಶ್ರೀರಂಗಮ್ಮ ಕೇಳಿದರು.

ಇಂಥ ಪ್ರಶ್ನೆಯೆಂದರೆ ಷಡಕ್ಷರಪ್ಪನವರಿಗೆ ಹಬ್ಬ. "ಕಾಪಿ ಅಂದ್ರೆ ಪ್ರತಿ, ರೈಟ್ ಅಂದ್ರೆ ಹಕ್ಕು, ತಾಯಿ. ಪ್ರತಿ ತೆಗೆಯೋ ಹಕ್ಕು. ಇಂಗ್ಲೆಂಡಿನಲ್ಲಿ ಮೊದಲು ಅದು ನಮ್ಮಂಥ ಅಚ್ಚಿನೋರ ಕೈಲೇ ಇತ್ತಂತೆ. ಬರೆದೋರನ್ನ ಕೇಳೋರೇ ಇರಲಿಲ್ಲ. ಇನ್ನೂರೈವತ್ತು ವರ್ಷದ ಹಿಂದೆ ಕಾನೂನು ಮಾಡಿ ಬರೆದೋರಿಗೆ ಕೊಟ್ರು. ಈಗ ನಮ್ಮಲ್ಲೂ ಹೊಸ ಕಾನೂನು ಬಂದೈತೆ. ನೀವು ಹೂಂ ಅನ್ನದೆ ಯಾರೂ ಅಚ್ಚು ಹಾಕಂಗಿಲ್ಲ."

"ನೀವೂ?"

"ನಾನೂ."

"ಹಾಗಾದ್ರೆ ಪಾಯಸದ ಹಾಡು ತೆಗೀರಿ."

ಷಡಕ್ಷರಪ್ಪ ಕಂಗಾಲಾದರು. "ಅದಿಲ್ದೆ ಪುಸ್ತಕ ಯಾರು ಕೊಳ್ತಾರೆ ತಾಯಿ? ಹೆಂಗೂ ಊರೆಲ್ಲ ಹಾಡ್ತೈತೆ."

"ಜನರ ಬಾಯಿಗೆ ಬೀಗ ಹಾಕಕ್ಕೆ ನನ್ನ ಕೈಲಾಗಲ್ಲ. ಅಚ್ಚಿಗೆ ಬೀಗ ಹಾಕಬಹುದು ಅಂತ ನೀವೇ ಹೇಳಿದ್ರಲ್ಲ."

ಷಡಕ್ಷರಪ್ಪ ತಲೆ ಕೆರೆದುಕೊಳ್ಳುತ್ತ ಅಚ್ಚಿನ ಮೊಳೆ ಜೋಡಿಸುವವನನ್ನು ಕರೆಯಲು ಒಳಗೆ ಹೋದರು. ಯದುಗಿರಿ ಅತ್ತೆಯನ್ನೇ ನೋಡುತ್ತ ನಿಂತಳು. ಎಂಥ ಹೆಂಗಸು ಇವರು ಎಂದು ಮನಸ್ಸು ತುಂಬಿಬಂತು. ತಾನು ಕಟ್ಟಿದ್ದರಲ್ಲೇ ಹೆಸರಾದದ್ದನ್ನು ಹೀಗೆ ಕೈಯಾರೆ ಕಿತ್ತುಹಾಕುವುದು ಸುಲಭವೇ?

"ಅಮ್ಮ ಅತ್ತಿದ್ದು ನಿಮಗೆ ಗೊತ್ತಿತ್ತಾ?"

"ಉಗ್ರಾಣದ ಬಾಗಿಲಲ್ಲೇ ನಿಂತಿದ್ದೆ ಕಣೇ. ತಪ್ಪಾಯ್ತು ಅನ್ನೋಣ ಅಂದ್ರೆ ಬಾಯಿ ಬರಲಿಲ್ಲ," ಎಂದರು ಶ್ರೀರಂಗಮ್ಮ. "ಪುಸ್ತಕ ಆದ್ಮೇಲೆ ಮೊದಲನೇದು ನಿಮ್ಮಮ್ಮಂಗೇ ಕೊಡೋಣ. ಹೆದರದೆ ಓದ್ಲಿ."