ಹನ್ನೊಂದು ಗಂಟೆಯ ಅಳತೆ

ಅಕ್ಕನ ಕೈ ನೋಡಿದವರು ಎರಡನೇ ಸಲ ನೋಡುತ್ತಿರಲಿಲ್ಲ. ಸೋಡಾ ನೀರು ತಿಂದು ಬೆರಳ ಸಂದುಗಳೆಲ್ಲ ಬಿರಿದಿದ್ದವು. ಉಗುರುಗಳು ಬೆಳೆಯುವುದನ್ನೇ ಮರೆತುಬಿಟ್ಟಿದ್ದವು. ಆ ಕೈಯಲ್ಲೇ ಅವಳು ದಿನಕ್ಕೆ ಆಸ್ಪತ್ರೆಯ ಎಂಬತ್ತು ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು. ರಕ್ತದ್ದು, ವಾಂತಿಯದ್ದು, ಹೆರಿಗೆಯದ್ದು. ಒಗೆತದ ಅಂಗಳದಲ್ಲಿ ಅವಳಂಥವರು ಹದಿನಾಲ್ಕು ಮಂದಿ. ಹದಿನಾಲ್ಕು ಕಲ್ಲು, ಒಂದೇ ಬಾವಿ. ಬೆಳಗಿನ ಐದಕ್ಕೆ ಹಗ್ಗ ಇಳಿಯಿತೆಂದರೆ ಹತ್ತೂವರೆಯವರೆಗೆ ರಾಟೆಗೆ ಬಿಡುವಿರಲಿಲ್ಲ.

ಆ ದಿನ ಹನ್ನೊಂದಕ್ಕೆ ಸರಿಯಾಗಿ ಅವಳ ತಮ್ಮ ಬಂದ. ಹೆಗಲಲ್ಲಿ ಉಕ್ಕಿನ ಟೇಪಿನ ಸುರುಳಿ, ಕಂಕುಳಲ್ಲಿ ಅಳತೆ ಪುಸ್ತಕ. ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ದಿನಗೂಲಿಗೆ ಬಾವಿ ಅಳೆಯುವುದೇ ಅವನ ಕೆಲಸ. ಊರಿಗೆ ಊರೇ ಅವನನ್ನು ಟೇಪಣ್ಣ ಎನ್ನುತ್ತಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

"ಏನೋ, ಬಿಸಿಲು ನೆತ್ತಿಗೇರಿದ ಮೇಲೆ ಬಂದಿದೀಯ? ಪ್ರತಿ ವರ್ಷ ಕೋಳಿಗಿಂತ ಮುಂಚೆ ಬರ್ತಿದ್ದೆ" ಎಂದಳು ಅಕ್ಕ, ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಬಡಿಯುತ್ತಲೇ.

"ಹೊಸ ಸಾಹೇಬ್ರು, ಹೊಸ ವೇಳಾಪಟ್ಟಿ. ಈ ಬಾವಿಗೆ ಹನ್ನೊಂದು ಗಂಟೆ ಅಂತ ಬರೆದಿದಾರೆ."

"ಐದರಿಂದ ಸೇದಿದೀವಲ್ಲೋ! ಈಗ ಅದರಲ್ಲಿ ಏನಿರುತ್ತೆ? ಸಂಜೆಯಾಗಲಿ, ರಾತ್ರಿಯೆಲ್ಲ ಸುಮ್ನೆ ಬಿಡು, ಆಮೇಲೆ ಅದರ ನಿಜ ಗೊತ್ತಾಗುತ್ತೆ."

"ನನಗೇ ಹೇಳಿಕೊಡ್ತೀಯಾ? ಷರಾದಲ್ಲಿ ಬರೀತೀನಿ ಬಿಡು."

ಅಳತೆ ಪುಸ್ತಕದ ಪ್ರತಿ ಪುಟದ ಬಲಕ್ಕೆ ಷರಾ ಎಂದೊಂದು ಮನೆ ಇತ್ತು. ಬಾವಿಯ ಬಗ್ಗೆ ವಿಶೇಷವಾಗಿ ಹೇಳುವುದಿದ್ದರೆ ಅಲ್ಲಿ ಬರೆಯಬೇಕು. ಟೇಪಣ್ಣನಿಗೆ ಆ ಮನೆಯ ಮೇಲೆ ಬಹಳ ನಂಬಿಕೆ. ಅಂಕಿ ಏನೇ ಇರಲಿ, ಸತ್ಯ ಷರಾದಲ್ಲಿರುತ್ತದೆ, ಮೇಲಿನವರು ಓದಿಯೇ ಓದುತ್ತಾರೆ ಎಂದುಕೊಂಡಿದ್ದ. ಹತ್ತೊಂಬತ್ತು ವರ್ಷದಲ್ಲಿ ಅದನ್ನು ಯಾರಾದರೂ ಓದಿದ್ದಾರೆಯೇ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಅಳೆಯುವವನಿಗೆ ಕಣ್ಣಿದ್ದರೆ ಸಾಕು, ಬಾಯಿ ಬೇಡ ಅನ್ನುವುದು ಅವನ ಜಂಬ.

ಟೇಪಿನ ತುದಿಗೆ ಸೀಸದ ಗುಂಡು ಕಟ್ಟಿ, ತುದಿಯ ಕೆಲವು ಅಡಿಗೆ ಸೀಮೆಸುಣ್ಣ ಉಜ್ಜಿದ. ನೀರು ಮುಟ್ಟಿದಷ್ಟು ಸುಣ್ಣ ಕಪ್ಪಾಗುತ್ತದೆ. ಎಲ್ಲಿ ಕಪ್ಪು ಮುಗಿಯುತ್ತದೋ ಅಲ್ಲಿಗೆ ನೀರಿನ ಮಟ್ಟ. ಇಳಿಸಿದ, ಎತ್ತಿದ, ಲೆಕ್ಕ ಹಾಕಿದ. ನಲವತ್ಮೂರು ಅಡಿ.

ಕಳೆದ ವರ್ಷ ಬೆಳಗಿನ ಜಾವ ಅಳೆದಾಗ ಮೂವತ್ತಾರು ಇತ್ತು. ಈ ವರ್ಷ ಹೊಸ ನಿಯಮವೂ ಬಂದಿತ್ತು. ನಲವತ್ತು ಅಡಿಗಿಂತ ಕೆಳಗಿಳಿದ ಬಾವಿಯಿಂದ ಯಾರೂ ನೀರೆತ್ತುವಂತಿಲ್ಲ. ಬಡವರ ಬಾವಿಯೇ ಆಗಲಿ, ಕಾರ್ಖಾನೆಯ ಬೋರ್‌ವೆಲ್ಲೇ ಆಗಲಿ, ಎಲ್ಲರಿಗೂ ಒಂದೇ ನಿಯಮ ಎಂದು ಕಚೇರಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು.

'ಐದೂವರೆ ಗಂಟೆ ಕಾಲ ಸೇದಿದ ಮೇಲೆ ಅಳೆದದ್ದು. ಬೆಳಗಿನ ಜಾವ ಮತ್ತೆ ಅಳೆಯಬೇಕು' ಎಂದು ಷರಾದಲ್ಲಿ ಬರೆದು ಪುಸ್ತಕ ಮುಚ್ಚಿದ.

"ಎಷ್ಟಿದೆಯೋ?"

"ಇದೆ, ಇದೆ. ಒಂದು ಲೋಟ ಚಹಾ ಕೊಡು" ಎಂದ. ಅಕ್ಕನ ಮುಖ ನೋಡಲಿಲ್ಲ.

ಮಾರನೆಯ ದಿನ ಬಾಟ್ಲಿ ಫ್ಯಾಕ್ಟರಿಯ ಸರದಿ. ಅದಕ್ಕೆ ವೇಳಾಪಟ್ಟಿಯಲ್ಲಿ ಬೆಳಿಗ್ಗೆ ಆರು ಗಂಟೆ. ಊರಿನ ನೆಲದಡಿಯ ನೀರನ್ನೆತ್ತಿ, ಸೋಸಿ, ಬಾಟ್ಲಿಗೆ ತುಂಬಿ ಮಾರುವ ಕಾರ್ಖಾನೆ ಅದು. ಅದರ ಹಿತ್ತಲಲ್ಲಿ ಕಚೇರಿಯವರೇ ಹಾಕಿಸಿದ ಅಳತೆ ಕೊಳವೆ ಇತ್ತು. ಗೇಟಿನ ಕಾವಲುಗಾರ ಅವನನ್ನು ಅರ್ಧ ಗಂಟೆ ಹೊರಗೇ ನಿಲ್ಲಿಸಿದ. ಒಳಗಿನಿಂದ ಶಿಳ್ಳೆ ಕೇಳಿದ ಮೇಲೆ ಬಿಟ್ಟ.

ಕೊಳವೆಯ ಸುತ್ತ ನೆಲ ಒದ್ದೆಯಾಗಿತ್ತು. ಪಕ್ಕದಲ್ಲಿ ತೋಳಿನಷ್ಟು ದಪ್ಪದ ರಬ್ಬರ್ ಪೈಪು ಸುತ್ತಿಟ್ಟಿದ್ದರು. ಅದರ ಬಾಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಟೇಪು ಇಳಿಸಿ ಎತ್ತಿದ. ಮೂವತ್ತೆಂಟು. ಆದರೆ ಟೇಪಿನ ತುದಿ ಮಾತ್ರವಲ್ಲ, ಮೇಲಿನವರೆಗೂ ಒದ್ದೆ. ಕೊಳವೆಯ ಒಳಗೋಡೆ ಇನ್ನೂ ಸೋರುತ್ತಿತ್ತು. ಟೇಪು ಒರೆಸಿ, ಮತ್ತೆ ಸುಣ್ಣ ಉಜ್ಜಿ ಇಳಿಸಿದ. ನಲವತ್ತೇಳು. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಇಳಿಸಿದ. ಐವತ್ತೈದು.

ನೆಲದ ನೀರು ಕಾಲು ಗಂಟೆಯಲ್ಲಿ ಹದಿನೇಳು ಅಡಿ ಇಳಿಯುವುದಿಲ್ಲ. ಮೇಲಿಂದ ಸುರಿದ ನೀರು ಮಾತ್ರ ಹಾಗೆ ಇಳಿಯುತ್ತದೆ. ಇದನ್ನು ತಿಳಿಯಲು ಯಾವ ದೊಡ್ಡ ಓದೂ ಬೇಕಿರಲಿಲ್ಲ.

ಫ್ಯಾಕ್ಟರಿಯ ಮೇಲ್ವಿಚಾರಕ ಬಂದ. "ಏನಪ್ಪಾ, ಬಾವಿಗೆ ಸೀರೆ ಉಡಿಸ್ತಿದೀಯಾ? ಒಂದು ಸಲ ಅಳೆದರೆ ಸಾಲದಾ?"

"ಇಳೀತಾ ಇದೆ ಸಾರ್. ಎಲ್ಲಿ ನಿಲ್ಲುತ್ತೋ ನೋಡಬೇಕು."

"ಅದನ್ನ ನಿಮ್ಮ ಸಾಹೇಬ್ರು ನೋಡ್ಕೋತಾರೆ, ನೀನು ಹೊರಡು."

ಟೇಪಣ್ಣ ಮೂರೂ ಅಂಕಿ ಬರೆದ. ಷರಾದಲ್ಲಿ 'ಕೊಳವೆಗೆ ನೀರು ಸುರಿದಂತಿದೆ' ಎಂದು ಬರೆದ. 'ಸುರಿದಿದ್ದಾರೆ' ಎಂದು ಬರೆಯಲು ಮಾತ್ರ ಧೈರ್ಯ ಬರಲಿಲ್ಲ.

ಎರಡು ದಿನ ಬಿಟ್ಟು ಸಾಹೇಬರು ಕರೆಸಿದರು. ಕುರ್ಚಿ ತೋರಿಸಿ ಕೂರು ಎಂದರು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಕೂತದ್ದು ಅದೇ ಮೊದಲು. ಕೂತ ಕೂಡಲೇ ಅವನಿಗೆ ಭಯವಾಯಿತು.

"ಒಂದು ಬಾವಿಗೆ ಒಂದು ಅಳತೆ. ನೀನು ಮೂರು ಬರೆದಿದೀಯ."

"ಇಳೀತಾ ಇತ್ತು ಸಾರ್. ಷರಾದಲ್ಲಿ ಬರೆದಿದೀನಿ."

"ಓದಿದೆ. ನಿನ್ನ ಅಕ್ಷರ ದುಂಡಗಿದೆ" ಎಂದರು ಸಾಹೇಬರು. "ನಿಯಮದ ಪ್ರಕಾರ ಮೊದಲನೇ ಅಳತೆ ಇಟ್ಕೋತೀವಿ."

"ಒಗೆತದ ಬಾವೀನ ಬೆಳಗಿನ ಜಾವ ಇನ್ನೊಂದ್ಸಲ ಅಳೀಲಾ ಸಾರ್? ಬರೀ ಅರ್ಧ ಗಂಟೆ ಕೆಲಸ. ಕೂಲಿ ಬೇಡ."

"ಮುಂದಿನ ವರ್ಷ ನೋಡೋಣ."

ಸಾಹೇಬರು ಮೇಜಿನ ಮೇಲಿದ್ದ ಒಂದು ಕಡತವನ್ನು ಬೆರಳಿನಿಂದ ತುಸು ಮುಂದಕ್ಕೆ ತಳ್ಳಿದರು. ಅವನ ಕೆಲಸ ಕಾಯಂ ಮಾಡುವ ಕಡತ. ಎಷ್ಟೋ ವರ್ಷದಿಂದ ಒಂದು ಕಪಾಟಿನಿಂದ ಇನ್ನೊಂದು ಕಪಾಟಿಗೆ ಅಲೆದ ಕಡತ. ಅದರ ದಾರ ಅವನಿಗೆ ಅಷ್ಟು ದೂರದಿಂದಲೂ ಗುರುತು ಸಿಕ್ಕಿತು.

"ಬಾವಿಗಳ ತೀರ್ಮಾನಕ್ಕೆ ಜಿಲ್ಲಾ ಸಭೆ ಇದೆ, ಅದು ಮುಗೀಲಿ. ಆಮೇಲೆ ಇದನ್ನ ಕೈಗೆ ತಗೋತೀನಿ. ನಿನಗೂ ವಯಸ್ಸಾಗ್ತಾ ಬಂತು, ಪಾಪ."

ಅವನು ಎದ್ದು ಕೈಮುಗಿದು ಹೊರಬಂದ. ಬಂದ ಮೇಲೆ, ಕೈ ಮುಗಿದದ್ದು ಯಾಕೆಂದು ತನ್ನ ಮೇಲೇ ಅಸಹ್ಯವಾಯಿತು. ಅಕ್ಕ ಬಟ್ಟೆ ಒಗೆದ ಕೂಲಿಯಲ್ಲೇ ಅವನು ಬೆಳೆದದ್ದು. ಅಪ್ಪ ಅಮ್ಮ ಹೋದಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನಾಲ್ಕು. ಆ ಬಾವಿಕಟ್ಟೆಯ ಮೇಲೆ ಅವನನ್ನು ಕೂರಿಸಿ, ಬಿದ್ದೀಯ ಎಂದು ಸೊಂಟಕ್ಕೆ ಹಗ್ಗ ಕಟ್ಟಿ, ಅವಳು ಬಟ್ಟೆ ಒಗೆದಿದ್ದಳು. ಹೋಗಿ ಅವಳಿಗೆ ಎಲ್ಲ ಹೇಳಿಬಿಡಬೇಕೆಂದು ಅವಳ ಬೀದಿಯವರೆಗೂ ನಡೆದ. ತಿರುವಿನಲ್ಲಿ ನಿಂತ. ಷರಾ ಇದೆಯಲ್ಲ, ಸಭೆಯಲ್ಲಿ ಓದುತ್ತಾರಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮನೆಗೆ ವಾಪಸಾದ. ಸಭೆಗೆ ಇನ್ನೂ ಹನ್ನೆರಡು ದಿನವಿತ್ತು. ಹನ್ನೆರಡು ದಿನವೂ ಅವನು ಬಾಯಿ ಬಿಡಲಿಲ್ಲ.

ಸಭೆಗೆ ಒಗೆತದ ಹೆಂಗಸರು ಹದಿನಾಲ್ಕೂ ಮಂದಿ ಬಂದಿದ್ದರು. ಯಾಕೆ ಕರೆದಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ಒಬ್ಬೊಬ್ಬರ ಮುಂದೂ ಒಂದೊಂದು ನೀರಿನ ಬಾಟ್ಲಿ ಇಟ್ಟಿದ್ದರು. ಅದೇ ಫ್ಯಾಕ್ಟರಿಯದ್ದು. ಗೋಡೆಯ ಮೇಲೆ ಬೆಳಕು ಬಿಟ್ಟು ಒಂದು ಪಟ್ಟಿ ತೋರಿಸಿದರು. ಬಾವಿ, ಅಳತೆ, ತೀರ್ಮಾನ, ಅಳೆದವರು. ನಾಲ್ಕೇ ಮನೆ. ಟೇಪಣ್ಣ ಹಿಂದಿನ ಸಾಲಿನಿಂದ ಎಷ್ಟು ಕಣ್ಣರಳಿಸಿದರೂ ಐದನೆಯದು ಕಾಣಲಿಲ್ಲ.

ಸಾಹೇಬರು ಓದಿದರು. "ಬಾಟ್ಲಿ ಕಾರ್ಖಾನೆ, ಮೂವತ್ತೆಂಟು. ಅನುಮತಿ ಐದು ವರ್ಷ ಮುಂದುವರಿಸತಕ್ಕದ್ದು. ಒಗೆತದ ಅಂಗಳದ ಬಾವಿ, ನಲವತ್ಮೂರು. ಮುಚ್ಚತಕ್ಕದ್ದು."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹೆಂಗಸರೆಲ್ಲ ಒಟ್ಟಿಗೇ ಎದ್ದರು.

"ಮುಚ್ಚೋದಾ? ಮುಚ್ಚಿ ನಾವೇನು ಗಾಳೀಲಿ ಒಗೀಬೇಕಾ?"

"ನಾವು ಸೇದೋದು ಕೊಡದಲ್ಲಿ ಸಾಹೇಬ್ರೆ. ಅವರು ಸೇದೋದು ಯಾವುದರಲ್ಲಿ?"

"ಸಮಾಧಾನ, ಸಮಾಧಾನ" ಎಂದರು ಸಾಹೇಬರು. ದನಿ ಮೃದುವಾಗಿತ್ತು. "ನೆಲದ ನೀರು ನಮ್ಮ ಮಕ್ಕಳು ಮೊಮ್ಮಕ್ಕಳದ್ದು, ಉಳಿಸಬೇಕು. ನಮಗೆ ಯಾರ ಮೇಲೂ ದ್ವೇಷ ಇಲ್ಲ. ಅಳೆದವರು ಯಾರು ನೋಡಿ. ನಿಮ್ಮಲ್ಲೇ ಒಬ್ಬರ ಸ್ವಂತ ತಮ್ಮ."

ಅಕ್ಕ ಹಿಂದಿರುಗಿ ನೋಡಿದಳು. "ತಮ್ಮಾ, ನೀನೇನಾ ಇದನ್ನ ಅಳೆದದ್ದು?"

ಇಲ್ಲ ಎಂದರೆ ಸುಳ್ಳು. ಹೌದು ಎಂದರೆ ಬಾವಿ ಹೋಗುತ್ತದೆ. ಮುಂದಿನ ಮಾತು ಆಡಿದರೆ ಕಡತ ಹೋಗುತ್ತದೆ. ಎಲ್ಲ ಕಡೆಯಿಂದಲೂ ಸಿಕ್ಕಿಬಿದ್ದಿದ್ದ.

"ಹೌದಕ್ಕ, ನಾನೇ" ಎಂದ. ಸಾಹೇಬರು ತಲೆದೂಗಿ ಮುಂದಿನ ಹಾಳೆಗೆ ಕೈ ಹಾಕಿದರು. ಆಗ ಅವನ ಬಾಯಿಂದ ತಾನಾಗಿ ಬಂತು. "ಷರಾ ಎಲ್ಲಿ ಸಾರ್?"

"ಏನದು?"

"ನಾನು ಷರಾ ಬರೆದಿದ್ದೆ. ಇವರ ಬಾವೀನ ಸೇದಿ ಮುಗಿದ ಮೇಲೆ ಅಳೆಸಿದ್ರಿ. ಅವರದ್ದನ್ನ ನೀರು ಸುರಿದ ಮೇಲೆ ಅಳೆಸಿದ್ರಿ. ಹನ್ನೊಂದು ಗಂಟೆ, ಆರು ಗಂಟೆ, ಎರಡೂ ನಿಮ್ಮ ಪಟ್ಟೀಲೇ ಇರೋದು. ಪುಸ್ತಕ ತರಿಸಿ. ಈಗಲೇ ಹೋಗೋಣ, ಎಲ್ಲರ ಎದುರಿಗೂ ಎರಡೆರಡು ಸಲ ಅಳೀತೀನಿ."

"ಪುಸ್ತಕ ಮೇಲಿನ ಕಚೇರಿಗೆ ಹೋಗಿದೆ" ಎಂದರು ಸಾಹೇಬರು. "ಷರಾ ಪಟ್ಟಿಯ ಭಾಗವಲ್ಲ. ಮುಂದಿನ ವಿಷಯ."

ಹೊರಗೆ ಬಂದಾಗ ಯಾರೂ ಅವನ ಬೆನ್ನು ತಟ್ಟಲಿಲ್ಲ. ಒಗೆಯುವವರಲ್ಲಿ ಕುಂಟು ಕಾಲಿನ ಮುದುಕಿಯೊಬ್ಬಳು ಹತ್ತಿರ ಬಂದು ಕೇಳಿದಳು. "ಅವತ್ತೇ ಯಾಕಪ್ಪ ಹೇಳಲಿಲ್ಲ? ಚಹಾ ಕುಡಿದುಕೊಂಡು ಹೋದೆಯಲ್ಲ." ಅಕ್ಕ ಅವನನ್ನು ದಾಟಿ ಮುಂದೆ ನಡೆದಳು.

ಮರುದಿನ ಕಚೇರಿಯಲ್ಲಿ ಟೇಪು ವಾಪಸು ಕೊಡು, ನಾಳೆಯಿಂದ ಬರಬೇಡ ಎಂದರು. ಅದರ ಮರುದಿನ ಬಾವಿಗೆ ಕಬ್ಬಿಣದ ಜಾಲರಿ ಬಂತು, ಬೀಗ ಬಂತು. 'ಅಂತರ್ಜಲ ಉಳಿಸಿ' ಎಂಬ ಹಸಿರು ಹಲಗೆ ಬಂತು. ಮೂರನೆಯ ದಿನ ಟ್ಯಾಂಕರ್ ಬಂತು. ಬೇಕಿದ್ದವರು ಕೊಂಡುಕೊಳ್ಳಬಹುದಂತೆ. ನೀರು ಎಲ್ಲಿಯದು ಎಂದು ಕೇಳಿದರೆ ಚಾಲಕ ನಕ್ಕ. ಟ್ಯಾಂಕರಿನ ಹಿಂಭಾಗದಲ್ಲಿ ಬಾಟ್ಲಿಯ ಚಿತ್ರವೇ ಇತ್ತು. ಕೊಳ್ಳಲಾಗದೆ ಐದು ಕಲ್ಲುಗಳು ವಾರದೊಳಗೆ ಒಣಗಿದವು.

ಎಂಟನೆಯ ದಿನ ಬೆಳಿಗ್ಗೆ ಅಕ್ಕ ಬಂದು ಬಾಗಿಲು ಬಡಿದಳು. ಟೇಪಣ್ಣ ಚಾಪೆಯ ಮೇಲೇ ಎದ್ದು ಕೂತ. ಸಭೆಯಾದ ಮೇಲೆ ಅವಳು ಅವನನ್ನು ಮಾತಾಡಿಸಿದ್ದು ಅದೇ ಮೊದಲು.

"ಏಳೋ. ಈಗ ಬಾವೀಲಿ ಎಷ್ಟಿದೆ ಹೇಳು."

"ಟೇಪು ಕಿತ್ಕೊಂಡ್ರಲ್ಲ ಅಕ್ಕ."

"ಟೇಪು ತಾನೇ ಕಿತ್ಕೊಂಡಿದ್ದು? ಹತ್ತೊಂಬತ್ತು ವರ್ಷ ಕಲಿತದ್ದನ್ನೂ ಕಿತ್ಕೊಂಡ್ರಾ?"

ಒಗೆತದ ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿದರು. ಎದುರು ಮನೆಯಿಂದ ಶಾಲೆಯ ಸ್ಕೇಲು ಇಸಿದುಕೊಂಡು ಅಡಿಗೊಂದು ಗುರುತು ಹಾಕಿದರು. ತುದಿಗೆ ಮುರಿದ ಇಸ್ತ್ರಿಪೆಟ್ಟಿಗೆಯ ಹಿಡಿ ಕಟ್ಟಿದರು. ಜಾಲರಿಯ ಕಂಡಿಯಲ್ಲಿ ಹಗ್ಗ ಸಲೀಸಾಗಿ ಇಳಿಯಿತು. ಹದಿನಾಲ್ಕು ಮಂದಿಯೂ ಬಗ್ಗಿ ನೋಡುತ್ತಿದ್ದರು. ಎತ್ತಿದಾಗ ಒದ್ದೆಯ ಗೆರೆಯನ್ನು ಕುಂಟುಕಾಲಿನ ಮುದುಕಿಯೇ ಮುಟ್ಟಿ ನೋಡಿ ಎಣಿಸಿದಳು.

"ಮೂವತ್ತೈದು."

"ಇನ್ನೊಂದ್ಸಲ ಇಳಿಸಿ" ಎಂದ ಟೇಪಣ್ಣ. "ಎರಡು ಸಲ ಅಳೆಯದೆ ನಂಬಬೇಡಿ."

ಎರಡನೆಯ ಸಲವೂ ಮೂವತ್ತೈದೇ.

ಬೀದಿಗೆ ಮುಖ ಮಾಡಿದ ಅಂಗಳದ ಗೋಡೆಯ ಮೇಲೆ ಇಸ್ತ್ರಿಯ ಇದ್ದಿಲಿನಿಂದ ಅವನು ಗೆರೆ ಎಳೆದ. ದಿನ, ಹೊತ್ತು, ಅಳತೆ, ಅಳೆದವರು. 'ಅಳೆದವರು' ಎಂಬಲ್ಲಿ ತನ್ನ ಸಹಿ ಹಾಕಲು ಹೊರಟ. ಅಕ್ಕ ಕೈ ಹಿಡಿದಳು.

"ಒಬ್ಬನೇ ಹಾಕಿದ್ದಕ್ಕೆ ತಾನೇ ನಿನ್ನನ್ನ ಹಿಡ್ಕೊಂಡಿದ್ದು? ಜಾಗ ಬಿಡು."

ಮಸಿಯಲ್ಲಿ ಅದ್ದಿದ ಹದಿನಾಲ್ಕು ಹೆಬ್ಬೆಟ್ಟುಗಳು ಗೋಡೆಗೆ ಬಿದ್ದವು. ಸೋಡಾ ತಿಂದ ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಬರೀ ಕಪ್ಪು ಚುಕ್ಕೆಗಳು. ಆದರೂ ಯಾರದ್ದು ಯಾವುದೆಂದು ಅವರಿಗೆ ಗೊತ್ತಿತ್ತು.

"ಆ ಇನ್ನೊಂದು ಮನೆ ಎಲ್ಲೋ?" ಎಂದಳು ಅಕ್ಕ. "ಅದೇ, ಅವರು ತೆಗೆದುಹಾಕಿದ್ದು. ಅದನ್ನ ದೊಡ್ಡದಾಗಿ ಎಳಿ."

ಅವನು ಎಳೆದ. ಅಂದಿನಿಂದ ದಿನವೂ ಬೆಳಿಗ್ಗೆ ಐದಕ್ಕೆ ಹಗ್ಗ ಇಳಿಯತೊಡಗಿತು. ನೀರು ಸೇದಲು ಆಗದಿದ್ದರೂ ಅಳೆಯಲು. ಶಾಲೆಗೆ, ಕೆಲಸಕ್ಕೆ ಹೋಗುವವರು ಗೋಡೆಯ ಮುಂದೆ ನಿಂತು ಓದಿಕೊಂಡು ಹೋಗುತ್ತಿದ್ದರು. ಇನ್ನೊಂದು ಬೀದಿಯವರು ಬಂದು, ಹಗ್ಗಕ್ಕೆ ಗುರುತು ಹಾಕುವುದು ಹೇಗೆಂದು ಕೇಳಿದರು. ಬೀಗ ಮಾತ್ರ ಹಾಗೇ ಇತ್ತು. ಆರನೆಯ ಕಲ್ಲೂ ಒಣಗಿತು.

ಗೋಡೆಯ ಮೇಲೆ ಬರೆಯತೊಡಗಿದ ಹದಿನೇಳನೆಯ ದಿನ ಮಧ್ಯಾಹ್ನ ಕಚೇರಿಯ ಜೀಪು ಬಂತು. ಇಬ್ಬರು ಆಳುಗಳು ಇಳಿದು, ಯಾರೊಂದಿಗೂ ಮಾತಾಡದೆ, ಇಡೀ ಗೋಡೆಗೆ ಸುಣ್ಣ ಬಳಿದು ಹೋದರು.

ಮರುದಿನ ಬೆಳಿಗ್ಗೆ ಸುಣ್ಣ ಒಣಗಿತ್ತು. ಬಿಳೀ ಗೋಡೆಯ ಮೇಲೆ ಇದ್ದಿಲು ಮೊದಲಿಗಿಂತ ಚೆನ್ನಾಗಿ ಕೂತಿತು. ಟೇಪಣ್ಣ ದಿನ ಬರೆದ, ಹೊತ್ತು ಬರೆದ, ಅಳತೆ ಬರೆದ. ಹೆಬ್ಬೆಟ್ಟುಗಳು ಬಿದ್ದವು. ಕೊನೆಯ ಮನೆಗೆ ಬಂದಾಗ ತಿರುಗಿ ಅಕ್ಕನ ಮುಖ ನೋಡಿದ.

ಅವಳು ಸೊಂಟದ ಮೇಲೆ ಕೈಯಿಟ್ಟು, ಬೀದಿಗೆಲ್ಲ ಕೇಳುವಂತೆ ಹೇಳಿದಳು.

"ಬರಿ. ಷರಾ: ನಿನ್ನೆ ಸಾಹೇಬರು ಗೋಡೆಗೆ ಸುಣ್ಣ ಬಳಿಸಿದರು. ನೀರು ಮೂವತ್ತೈದರಲ್ಲೇ ಇದೆ. ನಾವೂ ಇಲ್ಲೇ ಇದೀವಿ."