ರಹಿಮಾನ್ ಸಾಬನಿಗೆ ಬೇರೆ ಗ್ಲಾಸು

“ಇದೇನು ಶರಬತ್ತೋ, ಗಾಡಿಯಿಂದ ಇಳಿಸಿದ ಸುಟ್ಟ ಆಯಿಲ್ಲೋ?”

ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ ರಹಿಮಾನ್ ಸಾಬ ಗ್ಲಾಸನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಹೀಗೆ ಕೇಳಿದ. ಕೊಟ್ಟೂರಿನ ಆ ಸಣ್ಣ ಮನೆಯ ಪಡಸಾಲೆಯಲ್ಲಿ ಗಂಡಸರು ತುಂಬಿ ಕೂತಿದ್ದರು. ಮೂಲೆಯಲ್ಲಿದ್ದ ಒಬ್ಬ ಕಿಸಕ್ಕೆಂದ. ಅವನ ಹಿಂದೆಯೇ ಎಲ್ಲರೂ ನಕ್ಕರು.

“ಬೇಕಾದ್ರ ಮೂಸಿ ನೋಡ್ರಿ,” ನಗು ಕೇಳಿ ಅವನಿಗೆ ಇನ್ನಷ್ಟು ಹುರುಪು ಬಂತು. “ಮೆಕ್ಯಾನಿಕ್ ಮನ್ಯಾಗ ಅಡಿಗಿಮನಿ ಯಾವುದು, ಗ್ಯಾರೇಜ್ ಯಾವುದು ತಿಳಿಯಂಗಿಲ್ಲ. ಇದನ್ನ ಕುಡದ್ರ ಮನಿಗೆ ಹೋಗಾದ್ರಾಗ ನಾನೂ ಹೊಗಿ ಬಿಡ್ತೀನಿ.”

ತುಂಬಿದ ಗ್ಲಾಸನ್ನು ಹಾಗೆಯೇ ನೆಲದ ಮೇಲಿಟ್ಟು ಎದ್ದ. ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಹೊರಟೇಹೋದ.

ಗ್ಲಾಸು ಕೊಟ್ಟ ಕೈ ಮುನಾವರನದು. ಒಳಗೆ ಕೂತು ಬೇಲದ ಹಣ್ಣು ಕಿವುಚಿ ಶರಬತ್ತು ಮಾಡಿದ ಕೈ ಅವನ ತಂಗಿ ತಸ್ಲೀಮಳದು. ರಹಿಮಾನ್ ಸಾಬ ತನ್ನ ಮಗ ಮುಜೀಬನಿಗೆ ಹೆಣ್ಣು ಕೇಳಲು ಬಂದಿದ್ದ. ಅವರ ಕಡೆ ಒಂದು ಪದ್ಧತಿ ಇದೆ. ಗಂಡಿನ ಅಪ್ಪ ಹೆಣ್ಣಿನ ಅಣ್ಣನ ಕೈಯಿಂದ ಶರಬತ್ತು ತೆಗೆದುಕೊಂಡು ಕುಡಿದರೆ ಮಾತು ಕೊಟ್ಟಂತೆ, ಕುಡಿಯದೆ ಇಟ್ಟರೆ ಬೇಡ ಅಂದಂತೆ. ಬಾಯಿ ಬಿಟ್ಟು ಬೇಡ ಅಂದರೆ ಹೆಣ್ಣಿನ ಮನಸ್ಸು ನೋಯುತ್ತದೆ ಅಂತ ಹಿರಿಯರು ಮಾಡಿಟ್ಟ ಮರ್ಯಾದೆಯ ದಾರಿ ಅದು. ಇಟ್ಟು ಹೋಗಬಹುದಿತ್ತು. ಸುಮ್ಮನೆ ಇಟ್ಟು ಹೋಗಲಿಕ್ಕೆ ಆ ಮನುಷ್ಯನಿಗೆ ಏನು ದಾಡಿಯಾಗಿತ್ತು?

ಮುನಾವರ ಒಂದು ವರ್ಷ ಪೂರ್ತಿ ಇದೇ ಪ್ರಶ್ನೆಯನ್ನು ಅಗಿದ. ಅಪ್ಪ ತೀರಿಕೊಂಡಾಗ ಎಂಟನೇ ಕ್ಲಾಸಿನ ಪುಸ್ತಕ ಅಟ್ಟಕ್ಕೆಸೆದು ಸ್ಪ್ಯಾನರ್ ಹಿಡಿದ ಹುಡುಗ ಅವನು. ಮೈಯೆಲ್ಲ ಗ್ರೀಸು ಮೆತ್ತಿಕೊಂಡು ಮನೆ ನಡೆಸಿದವನು. ಗ್ರೀಸಿನ ಬಗ್ಗೆ ಅವನಿಗೆ ನಾಚಿಕೆ ಇರಲಿಲ್ಲ. ಆದರೆ ಆ ಮಾತು ಪಡಸಾಲೆಯಲ್ಲಿ ನಿಲ್ಲಲಿಲ್ಲ, ಹರಪನಹಳ್ಳಿ ರಸ್ತೆಯ ಅವನ ಗ್ಯಾರೇಜಿಗೂ ನಡೆದು ಬಂತು. ಪಕ್ಕದ ಟೈರಿನಂಗಡಿಯ ಮೈಲಾರೇಶ್ ಒಂದು ದಿನ ತನ್ನ ಬೈಕು ತಂದು ನಿಲ್ಲಿಸಿ, “ಲೇ ಮುನಾವರ, ಆಯಿಲ್ ಬದಲಿ ಮಾಡಿ ಭಾಳ ದಿನ ಆತು. ನಿಮ್ಮ ಮನಿ ಶರಬತ್ತು ಇದ್ರ ಒಂದು ಲೀಟ್ರು ಹಾಕಿಬಿಡಲೇ,” ಅಂದ. ಗೆಳೆಯನೇ, ತಮಾಷೆಗೇ ಅಂದದ್ದು. ಮುನಾವರ ಎಸೆದ ಸ್ಪ್ಯಾನರ್ ಅವನ ಕಿವಿಯ ಪಕ್ಕದಿಂದ ಹಾರಿ ತಗಡಿನ ಬಾಗಿಲಿಗೆ ಬಡಿಯಿತು. ಅಲ್ಲಿಂದ ಮೈಲಾರೇಶ್ ಟೈರಿನಂಗಡಿಯಿಂದ ಈಚೆ ದಾಟಲಿಲ್ಲ.

ಹೆಚ್ಚು ಸುಟ್ಟುಹೋದದ್ದು ತಸ್ಲೀಮ. ಒಮ್ಮೆ ಗ್ಲಾಸು ಮುಟ್ಟದೆ ಎದ್ದುಹೋದ ಮನೆಗೆ ಇನ್ನೊಬ್ಬರು ಬರುವುದು ಕಷ್ಟ. ಯಾಕೆ ಮುಟ್ಟಲಿಲ್ಲವಂತೆ ಅಂತ ಕೇಳುತ್ತಾರೆ, ಕೇಳಿದವರಿಗೆ ಸುಟ್ಟ ಆಯಿಲ್ ಕತೆ ಸಿಗುತ್ತದೆ. ಹಂಪಸಾಗರದಿಂದ ಬರುತ್ತೇವೆ ಅಂದವರು ಬರಲಿಲ್ಲ. ಹಡಗಲಿಯವರು ಫೋನು ಎತ್ತುವುದನ್ನೇ ಬಿಟ್ಟರು.

ಹೀಗಿರುವಾಗ ಈ ಬೇಸಿಗೆಯ ಮೊದಲಿಗೆ ಒಂದು ದಿನ ಮುನಾವರ ಊಟಕ್ಕೆ ಮನೆಗೆ ಬಂದರೆ ಅಮ್ಮ ನಜಮುನ್ನೀಸಾ ಬಾಗಿಲಲ್ಲೇ ನಿಂತಿದ್ದಳು.

“ರಹಿಮಾನ್ ಸಾಬ ಮತ್ತ ಬರ್ತಾರಂತ. ಶುಕ್ರವಾರ.”

“ಯಾಕ? ಬೈಯೋದು ಉಳದೈತಂತೇನು?”

“ಬಾಯಿ ಸಣ್ಣದು ಮಾಡೋ. ಆ ಹುಡುಗ ಮುಜೀಬ ಎಲ್ಲಾ ಹೆಣ್ಣೂ ಬ್ಯಾಡ ಅಂದಾನಂತ. ಮದವಿ ಆದ್ರ ಕೊಟ್ಟೂರಿನ ಹುಡುಗೀನ, ಇಲ್ಲಾ ಅಂದ್ರ ಮದವೀನ ಬ್ಯಾಡ ಅಂತ ಕುಂತಾನಂತ. ಅವರಪ್ಪ ಸೋತಾನ.”

ಸೋತಾನ! ಮುನಾವರನಿಗೆ ಆ ಒಂದು ಮಾತಿಗೇ ಹೊಟ್ಟೆ ತುಂಬಿತು. ರೊಟ್ಟಿ ಮುರಿಯುತ್ತಾ ಲೆಕ್ಕ ಹಾಕಿದ. ಹೋದ ಸಲ ಅವನು ಬಿಟ್ಟು ಹೋಗಬಹುದಿತ್ತು, ಈ ಸಲ ಬಿಡುವಂತಿಲ್ಲ. ತಾನು ಕೈಯಲ್ಲಿ ಏನೇ ಹಿಡಿದರೂ, ಅದು ಎಂಥದ್ದೇ ಇದ್ದರೂ, ಜನರ ಮುಂದೆ ಗಂಟಲಲ್ಲಿ ಇಳಿಸಲೇಬೇಕು. ಉಗುಳಿದರೆ ಮಗ ಕೈಬಿಟ್ಟು ಹೋಗುತ್ತಾನೆ. ಅವನ ಗಂಟಲು ಈಗ ತನ್ನ ಕೈಯಲ್ಲಿದೆ.

“ಶರಬತ್ತು ಈ ಸಲ ನಾನ ಮಾಡ್ತೀನಿ,” ಅಂದ.

ನೀರಿನ ತಂಬಿಗೆ ತಂದಿಡುತ್ತಿದ್ದ ತಸ್ಲೀಮ ಅಲ್ಲೇ ನಿಂತಳು. “ನೀನ್ಯಾಕ ಭಾಯಿ? ನನಗ ಬರಂಗಿಲ್ಲೇನು?”

“ನೀನು ಮಾಡಿದ್ದಕ್ಕ ಏನಂದ ಮರತಿಯೇನು?”

“ಮರತಿಲ್ಲ,” ಅವಳು ತಂಬಿಗೆಯನ್ನು ಮೆಲ್ಲಗೆ ಇಟ್ಟಳು. “ಆದ್ರ ಮುಜೀಬ ಅಂದಿದ್ದಲ್ಲ ಅದು. ಒಂದು ವರ್ಷ ಅವರ ಮನ್ಯಾಗ ನನ್ನ ಸಲುವಾಗಿ ಒಬ್ಬನ ನಿಂತಾನ. ಈ ಸಲನೂ ಮುರದ್ರ ನನ್ನ ಬಾಗಿಲಿಗೆ ಇನ್ನ ಯಾರೂ ಬರಂಗಿಲ್ಲ. ಕೈ ಮುಗಿತೀನಿ, ಜಗಳ ತೆಗಿಬ್ಯಾಡ.”

“ಜಗಳ ಯಾಕ ತೆಗೀಲಿ? ಶರಬತ್ತು ಮಾಡ್ತೀನಿ ಅಂದೆ.”

ಕೂಡ್ಲಿಗಿ ಕಡೆಯ ಗುಡ್ಡದಲ್ಲಿ ಕುರಿ ಮೇಯಿಸುವ ಬಂಗಾರಪ್ಪ ಗ್ಯಾರೇಜಿಗೆ ಮೊಪೆಡ್ ಬಿಡಲು ಬಂದಾಗ ಒಂದು ಚೀಲ ಬೇಲದ ಹಣ್ಣು ತಂದುಕೊಟ್ಟ. ಶುಕ್ರವಾರ ಬೆಳಿಗ್ಗೆ ಮುನಾವರ ಎಲ್ಲರಿಗಿಂತ ಮೊದಲು ಎದ್ದ. ಮೊದಲು ಕೈ ತೊಳೆದ. ಸೀಮೆಎಣ್ಣೆಯಲ್ಲಿ ಒಮ್ಮೆ, ಸೋಪಿನ ಪುಡಿ ಮತ್ತು ಮರಳು ಸೇರಿಸಿ ಒಮ್ಮೆ, ನಿಂಬೆ ಸಿಪ್ಪೆಯಿಂದ ಉಗುರಿನ ಸಂದು ಸಂದು ಕೆರೆದು ಮತ್ತೊಮ್ಮೆ. ಬೆರಳುಗಳ ಚರ್ಮ ಕೆಂಪಾಗಿ ಉರಿಯತೊಡಗಿತು. ಮೂಸಿ ನೋಡಿದ. ಯಾವ ವಾಸನೆಯೂ ಇರಲಿಲ್ಲ. ಅವನಿಗೆ ಮಾತ್ರ ಆಯಿಲ್ ವಾಸನೆ ಮೂಗಿನೊಳಗೇ ಕೂತಿತ್ತು.

ಹಣ್ಣುಗಳನ್ನು ಒಂದೊಂದಾಗಿ ಮೊಣಕಾಲೆತ್ತರದಿಂದ ನೆಲಕ್ಕೆ ಬಿಟ್ಟ. ಧೊಪ್ಪೆಂದು ಬಿದ್ದಲ್ಲೇ ಕೂತದ್ದು ಹಣ್ಣು, ಪುಟಿದದ್ದು ಕಾಯಿ. ಕಾಯಿಗಳನ್ನು ಬೇರೆ ಇಟ್ಟ. ಹಣ್ಣನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದ. ರಹಿಮಾನ್ ಸಾಬನ ಬೋಳು ತಲೆ ನೆನಪಾಗಿ ಬೇಕಾದ್ದಕ್ಕಿಂತ ಜೋರಾಗಿಯೇ ಹೊಡೆದ, ಚಿಪ್ಪಿನ ಚೂರು ಹಾರಿ ಕೆನ್ನೆಗೆ ಬಡಿಯಿತು. ಒಳಗಿನ ಕಂದು ತಿರುಳನ್ನು ಚಮಚೆಯಿಂದ ಕೆರೆದು ಬೋಗುಣಿಗೆ ಹಾಕಿ, ನೀರು ಚಿಮುಕಿಸಿ ಕಿವುಚತೊಡಗಿದ. ಹುಳಿ, ಸಿಹಿ, ಹುದುಗು ಬಂದಂಥ ಕಂಪು ಮನೆ ತುಂಬಿತು. ನಾರು, ಬೀಜ ಬೆರಳಿಗೆ ಸಿಕ್ಕಂತೆಲ್ಲ ಹಿಂಡಿ ತೆಗೆದ. ಕರಗಿಸಿ ಸೋಸಿದ ಬೆಲ್ಲದ ನೀರು ಸುರಿದ. ಮತ್ತೆ ಕಿವುಚಿದ. ತೆಳು ಬಟ್ಟೆಯಲ್ಲಿ ಸೋಸಿ ಗಡಿಗೆಗೆ ಇಳಿಸಿ, ಕುಟ್ಟಿದ ಏಲಕ್ಕಿ, ಒಣಶುಂಠಿ, ಚಿಟಿಕೆ ಉಪ್ಪು ಹಾಕಿ, ಒದ್ದೆ ಮರಳಿನ ಮೇಲೆ ತಣ್ಣಗಾಗಲು ಕೂರಿಸಿದ. ಒಂದು ಗುಟುಕು ರುಚಿ ನೋಡಿದ. ಅವನಿಗೇ ಸಿಟ್ಟು ಬಂತು, ಅಷ್ಟು ಚೆನ್ನಾಗಿತ್ತು. ಇದನ್ನೇ ಆ ಮನುಷ್ಯ ನೆಲಕ್ಕಿಟ್ಟು ಹೋದದ್ದು.

ಆಮೇಲೆ ಬೇರೆ ಗ್ಲಾಸಿನ ಕೆಲಸಕ್ಕೆ ಕೂತ.

ಪುಟಿದ ಕಾಯಿಯೊಂದನ್ನು ಒಡೆದು ಅದರ ಬಿಳಿಚಿದ ತಿರುಳು ಹಿಂಡಿದ. ನಾಲಿಗೆ ಗಂಟು ಕಟ್ಟುವಂಥ ಒಗರು. ಅಮ್ಮನ ಸಕ್ಕರೆ ಕಾಯಿಲೆಗೆ ಅಂತ ಗೋಡೆಯ ಮಾಡಿನಲ್ಲಿಟ್ಟಿದ್ದ ನೆಲಬೇವಿನ ಕಷಾಯದಿಂದ ಅರ್ಧ ಲೋಟ ಬಗ್ಗಿಸಿ ಅದಕ್ಕೆ ಸೇರಿಸಿದ. ಬಣ್ಣಕ್ಕೆ ಮಾತ್ರ ಒಂದಿಷ್ಟು ಗಡಿಗೆಯ ಶರಬತ್ತು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡವನು ಹಿತ್ತಲಿಗೆ ಓಡಿ ಉಗುಳಿದ. ಕಹಿ ಕಿವಿಯ ಬುಡದವರೆಗೂ ಹತ್ತಿತ್ತು. ಸಂತೋಷದಿಂದ ಅವನಿಗೆ ನಗುವೇ ಬಂತು. ಕುಡಿ ಸಾಹುಕಾರ, ನಿನ್ನ ಆಯಿಲ್ ನೀನು ಕುಡಿ. ಆ ಗ್ಲಾಸಿನ ಅಂಚಿನ ಹೂವಿನ ಚಿತ್ರ ಗುರುತಿಟ್ಟುಕೊಂಡು, ತಟ್ಟೆ ಮುಚ್ಚಿ, ಒಲೆಯ ಹಿಂದೆ ಇಟ್ಟ.

ನಮಾಜು ಮುಗಿಸಿಕೊಂಡು ರಹಿಮಾನ್ ಸಾಬ ಬಂದ. ಜೊತೆಗೆ ಹೆಂಡತಿ ನೂರೀನ, ಮಗ, ನಾಲ್ಕಾರು ನೆಂಟರು. ಹೆಂಗಸರು ಒಳಗೆ ಹೋದರು. ಪಕ್ಕದ ಮನೆಯ ತಿಪ್ಪೇರುದ್ರಮ್ಮ ಒಳಬಾಗಿಲಲ್ಲಿ ನಿಂತು ಎರಡೂ ಕಡೆ ಕಣ್ಣಿಟ್ಟಿದ್ದಳು. ಮುಜೀಬ ತಲೆ ತಗ್ಗಿಸಿ ಮೂಲೆ ಹಿಡಿದ. ರಹಿಮಾನ್ ಸಾಬ ಹೋದ ವರ್ಷದ ಜಾಗದಲ್ಲೇ ಕೂತ, ಆದರೆ ಈ ಸಲ ಕಾಲು ಮಡಿಚಿ ಕೂತ.

“ಚಲೋ ಅದೀಯೇನಪಾ? ಗ್ಯಾರೇಜು ಹೆಂಗ ನಡದೈತಿ?”

“ನಡದೈತ್ರಿ. ಶರಬತ್ತು ತಗೋರಿ ಚಾಚಾ.”

ಮುನಾವರ ಎರಡೂ ಕೈಯಲ್ಲಿ ಹೂವಿನ ಗ್ಲಾಸು ಹಿಡಿದು ನೀಡಿದ. ರಹಿಮಾನ್ ಸಾಬ ಬಿಸ್ಮಿಲ್ಲಾ ಅಂದು ತುಟಿಗೆ ಹಚ್ಚಿದ. ಒಂದು ಗುಟುಕು ಒಳಗೆ ಹೋಯಿತು. ಅವನ ಕತ್ತಿನ ನರ ಎದ್ದು ನಿಂತಿತು, ಕಣ್ಣಲ್ಲಿ ನೀರು ಚಿಮ್ಮಿತು. ತಲೆ ಎತ್ತಿ ಮುನಾವರನನ್ನು ನೋಡಿದ. ಮುನಾವರನೂ ನೋಡಿದ. ಪಡಸಾಲೆಯಲ್ಲಿ ಬೇರೆ ಯಾರಿಗೂ ಗೊತ್ತಾಗದ ಮಾತುಕತೆ ಅವರಿಬ್ಬರ ನಡುವೆ ಮುಗಿಯಿತು.

“ಹೆಂಗೈತ್ರಿ?” ಮುನಾವರ ಎಲ್ಲರಿಗೂ ಕೇಳುವಂತೆ ಕೇಳಿದ. “ಆಯಿಲ್ ವಾಸನಿ ಬಂತೇನ್ರಿ?”

ಯಾರೂ ನಗಲಿಲ್ಲ. ರಹಿಮಾನ್ ಸಾಬ ಇನ್ನೊಂದು ಗುಟುಕು ನುಂಗಿದ, ಮತ್ತೊಂದು. ಪ್ರತಿ ಗುಟುಕಿಗೂ ಮುನಾವರನ ಎದೆಯೊಳಗಿನ ಒಂದೊಂದು ಕಲ್ಲು ಇಳಿಯುತ್ತಿತ್ತು. ವರ್ಷವಿಡೀ ಕನಸು ಕಂಡದ್ದು ಇದನ್ನೇ. ಅಷ್ಟರಲ್ಲಿ ಸರಿಯಾಗಿ ಅರ್ಧಕ್ಕೆ ಆ ಮನುಷ್ಯ ನಿಲ್ಲಿಸಿದ. ವಸ್ತ್ರದಿಂದ ಮೀಸೆ ಒರೆಸಿಕೊಂಡು, ಗ್ಲಾಸನ್ನು ತಟ್ಟೆಯಲ್ಲಿಟ್ಟು, ಒಳಬಾಗಿಲ ಕಡೆಗೆ ಸರಿಸಿದ.

“ತಗೋ ನೂರೀನ. ಹುಡುಗಿಗೆ ಕೊಡು.”

ಮುನಾವರನಿಗೆ ಅರ್ಥವಾಗಲಿಲ್ಲ. “ಹುಡುಗಿಗ್ಯಾಕ್ರಿ?”

ಬಾಗಿಲಲ್ಲಿದ್ದ ಹೆಂಗಸರು ಗೊಳ್ಳೆಂದು ನಕ್ಕರು. “ಏ ಇವನಿಗೆ ಅಷ್ಟೂ ಗೊತ್ತಿಲ್ಲ ನೋಡ್ರಿ!” ತಿಪ್ಪೇರುದ್ರಮ್ಮ ಸೆರಗು ಬಾಯಿಗಿಟ್ಟುಕೊಂಡಳು. “ಇಷ್ಟು ವರ್ಷ ನಿಮ್ಮ ಪಕ್ಕದಾಗ ಇದ್ದು ನನಗ ಗೊತ್ತೈತಿ. ಅರ್ಧ ಮಾವನದು, ಅರ್ಧ ಸೊಸಿದು. ಆಕಿ ಕುಡದ ಮ್ಯಾಲ ಅಲ್ಲೇನೋ ಮಾತು ಕೂಡೋದು?”

ಅವನಿಗೆ ಹೇಗೆ ಗೊತ್ತಿರಬೇಕು? ನೆಂಟರ ಮನೆಗಳ ಶರಬತ್ತಿಗೆ ಹೋದಾಗೆಲ್ಲ ಅವನು ಅಂಗಳದಲ್ಲಿ ಯಾರದೋ ಬೈಕಿನ ಪ್ಲಗ್ಗು ಬಿಚ್ಚುತ್ತಾ ಕೂತಿರುತ್ತಿದ್ದ. ಗಂಡಸರು ಕುಡಿಯುವುದನ್ನು ಕಂಡಿದ್ದ. ಗ್ಲಾಸು ಒಳಗೆ ಹೋಗುವುದನ್ನೂ ಕಂಡಿದ್ದ. ತೊಳೆಯಲಿಕ್ಕೆ ಒಯ್ಯುತ್ತಾರೆ ಅಂದುಕೊಂಡಿದ್ದ. ಹೇಳಿಕೊಡಬೇಕಾದ ಅಪ್ಪ ಇರಲಿಲ್ಲ. ಹೋದ ವರ್ಷ ಗ್ಲಾಸು ಅಲ್ಲಿಯವರೆಗೆ ಹೋಗಲೇ ಇಲ್ಲ.

“ತಡೀರಿ,” ಅವನು ತಟ್ಟೆಗೆ ಕೈ ಹಾಕಿದ. “ಅದು ಬ್ಯಾಡ್ರಿ. ಆಕಿಗೆ ಗಡಿಗ್ಯಾಗಿಂದು ಬ್ಯಾರೆ ಕೊಡ್ತೀನಿ.”

“ಬ್ಯಾರೆ ಕೊಟ್ರ ಮಾತು ಬ್ಯಾರೆ ಆಗತೈತಿ,” ನೂರೀನ ತಟ್ಟೆ ಬಿಡಲಿಲ್ಲ. “ಯಾಕ, ಇದಕ್ಕೇನಾಗೈತಿ?”

ಇಡೀ ಪಡಸಾಲೆ ಅವನ ಕಡೆ ತಿರುಗಿತು. ಮುಜೀಬನೂ ಮೊದಲ ಬಾರಿ ತಲೆ ಎತ್ತಿದ. ಏನಾಗಿದೆ ಅಂತ ಹೇಳಿದರೆ ಸಾಕಿತ್ತು, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಗಂಡಿನ ಅಪ್ಪನಿಗೆ ಕಹಿ ಕುಡಿಸಿದ ಮನೆ ಅಂತ ಹಡಗಲಿಯಿಂದ ಹರಪನಹಳ್ಳಿಯವರೆಗೆ ಹೆಸರಾಗುತ್ತಿತ್ತು. ತಸ್ಲೀಮಳ ಬಾಗಿಲಿಗೆ ಹೊರಗಿನಿಂದಲೇ ಮೊಳೆ ಹೊಡೆದಂತಾಗುತ್ತಿತ್ತು.

“ಇದಕ್ಕೇನೂ ಆಗಿಲ್ಲ,” ಉತ್ತರ ಕೊಟ್ಟದ್ದು ರಹಿಮಾನ್ ಸಾಬ. ಮುನಾವರನ ಮುಖದಿಂದ ಕಣ್ಣು ಕೀಳಲಿಲ್ಲ. ತುಟಿಯ ತುದಿ ಮಾತ್ರ ಒಂದಿಷ್ಟು ಸೊಟ್ಟಗಾಯಿತು. “ಭಾಳ ಚಲೋ ಆಗೈತಿ. ಅಣ್ಣ ಪ್ರೀತಿಲಿಂದ ಮಾಡ್ಯಾನ. ಒಂದು ಹನೀನೂ ಬಿಡಬ್ಯಾಡ ಅಂತ ಹೇಳು ಆಕಿಗೆ.”

ಮುನಾವರನ ಬೆರಳು ತಟ್ಟೆಯಿಂದ ಜಾರಿದವು. ಆ ಮನುಷ್ಯನ ಕತ್ತು ಹಿಸುಕಬೇಕು ಅನ್ನಿಸಿತು. ಹಿಸುಕುವ ಕೈಗಳು ತೊಡೆಯ ಪಕ್ಕದಲ್ಲಿ ಸತ್ತಂತೆ ಬಿದ್ದಿದ್ದವು.

ಪರದೆ ಇಳಿಯಿತು. ಒಳಗೆ ಬಳೆಯ ಸದ್ದು, ಯಾರೋ ದುಆ ಓದುವ ದನಿ. ಆಮೇಲೆ ಏನೂ ಕೇಳಲಿಲ್ಲ. ಕೆಮ್ಮು ಕೇಳೀತು, ವಾಂತಿ ಕೇಳೀತು, ಕೂಗು ಕೇಳೀತು ಅಂತ ಅವನು ಕಿವಿಯಾಗಿ ನಿಂತ. ಕಡೆಗೆ ಹೆಂಗಸರೆಲ್ಲ ಒಟ್ಟಿಗೆ ಮುಬಾರಕ್ ಅಂದರು. ಪಡಸಾಲೆಯ ಗಂಡಸರು ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ರಹಿಮಾನ್ ಸಾಬ ಎಲ್ಲರನ್ನೂ ತಬ್ಬಿದ ಮೇಲೆ ಮುನಾವರನನ್ನೂ ತಬ್ಬಿ, ಅವನ ಕಿವಿಯಲ್ಲಿ ಕಹಿ ಉಸಿರು ಬಿಟ್ಟು, “ಹುಡುಗಿ ಗಟ್ಟಿಗಿತ್ತಿ ಅದಾಳ. ನಿನಗ ಅಷ್ಟು ದಮ್ಮು ಇಲ್ಲ,” ಅಂದ.

ಮುನಾವರ ಅವನನ್ನು ದೂಡಿದ. ಜನರಿಗೆ ಅದು ತಬ್ಬಿ ಬಿಟ್ಟಂತೆ ಕಂಡಿತು.

ಆಗ ಪರದೆ ಸರಿಯಿತು. ಹುಡುಗಿ ಗಂಡಸರ ಮುಂದೆ ಬರುವ ಪದ್ಧತಿ ಇರಲಿಲ್ಲ, ಆದರೂ ತಸ್ಲೀಮ ಬಂದಳು. ಹಸಿರು ದುಪಟ್ಟಾದೊಳಗೆ ಮುಖ ಬೆಳ್ಳಗಾಗಿತ್ತು, ಕೆಳತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಮುಜೀಬನ ಕಡೆ ನೋಡಲಿಲ್ಲ, ಮಾವನ ಕಡೆ ನೋಡಲಿಲ್ಲ. ನೇರ ಅಣ್ಣನ ಮುಂದೆ ಬಂದು ನಿಂತಳು. ಎಲ್ಲರೂ ಸಕ್ಕರೆ ಹಂಚಿಕೊಳ್ಳುವ ಗದ್ದಲದಲ್ಲಿದ್ದರು.

“ಅಮ್ಮಿಗೆ ದಿನಾ ನೆಲಬೇವು ಕಾಸಿ ಕೊಡಾಕಿ ನಾನ. ನನಗ ವಾಸನಿ ಗೊತ್ತಾಗಂಗಿಲ್ಲ ಅಂದ್ಕಂಡಿದ್ದೇನು?” ಅವಳ ದನಿ ಗೊಗ್ಗರಾಗಿತ್ತು. “ಅವನು ಉಗುಳಿದ್ರ ನನ್ನ ಗತಿ ಏನು ಅಂತ, ಮಾಡುವಾಗ ಒಂದ ಸಲನರ ನೆನಸಿದ್ದೇನು ಭಾಯಿ?”

ಬೆಳಿಗ್ಗೆಯ ಒಂದೊಂದು ಗಳಿಗೆಯನ್ನೂ ಅವನು ತಡಕಿದ. ಸೀಮೆಎಣ್ಣೆ, ಸುತ್ತಿಗೆ, ಬೋಳು ತಲೆ, ನಗು. ಅವಳು ಎಲ್ಲೂ ಇರಲಿಲ್ಲ.

“ಹೇಳು.”

ಮುನಾವರ ಅವಳ ಪಕ್ಕದಿಂದ ಸರಿದು ಹೊಸ್ತಿಲು ದಾಟಿದ. ಅಂಗಳದ ತುಂಬ ನೆಂಟರ ಚಪ್ಪಲಿಗಳು ಬಿದ್ದಿದ್ದವು, ಅದರಲ್ಲಿ ತನ್ನದನ್ನು ಹುಡುಕಲಿಲ್ಲ. ಹಿಂದಿನಿಂದ ಅಮ್ಮ ಕೂಗುತ್ತಿದ್ದಳು, ತಿಪ್ಪೇರುದ್ರಮ್ಮನೂ ಕೂಗುತ್ತಿದ್ದಳು. ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ, ಗ್ಯಾರೇಜಿನ ದಿಕ್ಕು ಬಿಟ್ಟು, ಎತ್ತ ಅಂತಿಲ್ಲದೆ ನಡೆದುಹೋದ.