ಎಲೆಮಿಡತೆಯ ಸಾಲಿನ ಸೊನ್ನೆ

ರಸಾಯನಶಾಸ್ತ್ರದ ನಿವೃತ್ತ ಮೇಷ್ಟ್ರು ಮೂರು ವರ್ಷದಿಂದ ತಮ್ಮ ಬೀದಿಯ ಹುಳಗಳ ಹಾಡು ಎಣಿಸುತ್ತಿದ್ದರು. ನಗರದ ಕೀಟಗಣತಿಗೆ ಹೆಸರು ಕೊಟ್ಟ ನೂರಾರು ಜನರಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿರಲಿಲ್ಲ. ವಾರಕ್ಕೊಮ್ಮೆ, ಮುಸ್ಸಂಜೆಗೆ, ಅದೇ ದೀಪದ ಕಂಬದ ಕೆಳಗೆ ಐದು ನಿಮಿಷ. ಒಂದು ಸೆಕೆಂಡು ಆಚೀಚೆ ಇಲ್ಲ. ನಮೂನೆಯಲ್ಲಿ ಚಿಮ್ಮಂಡೆಯ ಸಾಲಿನ ತುಂಬ ಗೀಟುಗಳು. ಎಲೆಮಿಡತೆಯ ಸಾಲಿನಲ್ಲಿ ಮಾತ್ರ ಬರೀ ಸೊನ್ನೆ. ಬರುವ ಭಾನುವಾರ ಗ್ರಂಥಾಲಯದಲ್ಲಿ ಅವರ ಭಾಷಣವಿತ್ತು: 'ನಮ್ಮ ಬಡಾವಣೆಯಿಂದ ಕಣ್ಮರೆಯಾದ ಎಲೆಮಿಡತೆ'. ಜೀವಮಾನದಲ್ಲಿ ಅವರು ಸ್ವಂತವಾಗಿ ಕಂಡುಹಿಡಿದದ್ದು ಅಂತ ಇದ್ದದ್ದು ಅದೊಂದೇ.

ಗುರುವಾರ ಸಂಜೆ, ನಾಲ್ಕು ದಿನ ಇದ್ದು ಹೋಗಲು ಬಂದಿದ್ದ ನಾದಿನಿಯೂ ಕಂಬದ ಕೆಳಗೆ ಬಂದು ನಿಂತಳು.

"ಭಾವ, ಬೇಲೀಲಿ ಒಂದೇ ಸಮ ಕಿರ್ರ್ ಅಂತಿದೆಯಲ್ಲ, ಅದನ್ನ ಬರ್ಕೊಳ್ಳಲ್ವಾ?"

"ಯಾವುದಮ್ಮ? ಸುಮ್ನೆ ಕಾಲೆಳೀಬೇಡ."

"ಅಯ್ಯೋ, ಕಿವಿ ತೂತು ಬೀಳೋ ಹಾಗೆ ಕೂಗ್ತಿದೆ!"

ಮೇಷ್ಟ್ರು ಪ್ರಯೋಗ ಮಾಡದೆ ಏನನ್ನೂ ಒಪ್ಪಿದವರಲ್ಲ. ದನಿಯನ್ನು ಗೆರೆಗಳಾಗಿ ತೋರಿಸುವ ಆ್ಯಪ್ ಒಂದು ಫೋನಿನಲ್ಲಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತ ಅದನ್ನು ತೆರೆದೇ ಇರಲಿಲ್ಲ. ಈಗ ತೆರೆದು, ನಾದಿನಿಯನ್ನು ಬೆನ್ನು ತಿರುಗಿಸಿ ನಿಲ್ಲಿಸಿ, "ಅದು ಕೂಗಿದಾಗ ಕೈ ಎತ್ತು, ನಿಲ್ಲಿಸಿದ್ರೆ ಇಳಿಸು" ಎಂದರು.

"ಬೆಂಚಿನ ಮೇಲೂ ನಿಲ್ಲಿಸಿಬಿಡಿ, ಭಾವ."

ತೆರೆಯ ಮೇಲ್ತುದಿಯಲ್ಲಿ, ತೀರಾ ಕೀರಲು ದನಿಯ ಜಾಗದಲ್ಲಿ, ಗೆರೆ ಮೂಡಿದಾಗಲೆಲ್ಲ ಕೈ ಎದ್ದಿತು, ಅಳಿಸಿಹೋದಾಗ ಇಳಿಯಿತು. ಹನ್ನೆರಡಕ್ಕೆ ಹನ್ನೆರಡು. ಮೇಷ್ಟ್ರಿಗೆ ಕೇಳಿಸಿದ್ದು ಚಿಮ್ಮಂಡೆ ಒಂದೇ.

"ಹುಳ ಇಲ್ಲೇ ಇದೆ ಕಣಮ್ಮ," ಎಂದರು ಮೆಲ್ಲಗೆ. "ಹೋಗಿರೋದು ನನ್ನ ಕಿವಿ."

ಅವರ ಮುಖ ನೋಡಿ ನಾದಿನಿಗೆ ಅಯ್ಯೋ ಅನ್ನಿಸಿತು. "ಭಾಷಣ ಮಾಡಿಬಿಡಿ. ನಾನಂತೂ ಬಾಯಿ ಬಿಡಲ್ಲ."

ಮೇಷ್ಟ್ರು ಕಂಬಕ್ಕೆ ಒಂದು ಸುತ್ತು ಬಂದರು, ಎರಡು ಸುತ್ತು ಬಂದರು. ಆಮೇಲೆ ಗಣತಿಯ ಸಂಚಾಲಕಿಗೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಆ ಕಡೆ ಕಾಗದ ಮಗುಚುವ ಸದ್ದು.

"ಸರ್, ಎಲೆಮಿಡತೆ ಇಲ್ಲ ಅಂತ ಬಂದಿರೋದು ಒಂಬತ್ತು ಬಡಾವಣೆಯಿಂದ," ಎಂದಳು ಅವಳು. "ಒಂಬತ್ತರಲ್ಲೂ ಎಣಿಸ್ತಿರೋರು ರಿಟೈರ್ ಆದವರೇ!"

"ಹಾಗಾದ್ರೆ ಮೂರು ವರ್ಷ ನಡೆದದ್ದು ಮುದುಕರ ಗಣತಿ!" ಎಂದ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಭಾನುವಾರ ಅವರು ಶೀರ್ಷಿಕೆ ಹೊಡೆದುಹಾಕಿ, ಮಾತಿಗೆ ಮೊದಲು ಎಲೆಮಿಡತೆಯ ದನಿಯನ್ನೇ ಸ್ಪೀಕರಿನಲ್ಲಿ ಹಾಕಿದರು. ಹಿಂದಿನ ಸಾಲಿನ ಕಾಲೇಜು ಹುಡುಗಿಯರು ಕಿವಿ ಮುಚ್ಚಿಕೊಂಡರು. ಮುಂದಿನ ಸಾಲಿನ ಹಿರಿಯರು ಗಡಿಯಾರ ನೋಡಿಕೊಂಡರು.

"ಯಾವಾಗ ಶುರು ಮಾಡ್ತೀರಿ, ಮೇಷ್ಟ್ರೇ?"